ಕಳ್ಳಿಗೆಲ್ಲ ಒಂದೇ ಕುಲವಲ್ಲ

ಹೈದರಾಬಾದಿನ ಸುತ್ತ ಮರಳುಗಾಡಿಲ್ಲ, ನಿಜ. ಆದರೆ ಗೋಲ್ಕೊಂಡದ ಕಡೆಯ ಬಂಡೆಗುಡ್ಡಗಳಲ್ಲಿ ನೀರು ನಿಲ್ಲದ ಕಾರಣ, ಅಲ್ಲಿನ ಎಷ್ಟೋ ಗಿಡಗಳ ವೇಷ ಮರುಭೂಮಿಯದೇ: ದಪ್ಪ ಹಸಿರು ಕಾಂಡ, ಅಲ್ಪಸ್ವಲ್ಪ ಎಲೆ, ಮೈತುಂಬ ಮುಳ್ಳು. ಕನ್ನಡಿಗರಾದ ನಮಗೆ ಇವೆಲ್ಲವೂ ‘ಕಳ್ಳಿ’. ನೆರೆಮನೆಯ ತೆಲುಗರಿಗೆ ‘ಜೆಮುಡು’. ಎರಡು ಭಾಷೆಗಳೂ ಒಂದೇ ಹೆಸರಿನಡಿ ಎರಡು ಮನೆತನಗಳನ್ನು ಕೂಡಿಸಿಬಿಟ್ಟಿವೆ.

ಮೊದಲನೆಯದು ಪಾಪಾಸುಕಳ್ಳಿ, ತೆಲುಗಿನ ನಾಗಜೆಮುಡು. ಇದರ ತವರು ಅಮೆರಿಕ. ಎರಡನೆಯದು ಹಾಲು ಸುರಿಸುವ ಕಳ್ಳಿಗಳು: ಮೂರು ಏಣಿನ ಕಳ್ಳಿ, ಎಲೆಗಳ್ಳಿ ಮುಂತಾದವು. ಇವು ಈ ನೆಲದವೇ. ಕಾಂಡದಲ್ಲಿ ನೀರು ಕೂಡಿಡುವ ಉಪಾಯ ಎರಡಕ್ಕೂ ಒಂದೇ ಆದ್ದರಿಂದ ರೂಪವೂ ಒಂದಾಯಿತೇ ಹೊರತು, ರಕ್ತಸಂಬಂಧವೇನೂ ಇಲ್ಲ.

ಕಚೇರಿಯಲ್ಲಿ ಒಂದೇ ಹೆಸರಿನವರಿಬ್ಬರಿದ್ದರೆ ತಂದೆಯ ಹೆಸರು ನೋಡುತ್ತೇವೆ. ಕಳ್ಳಿಯಲ್ಲಿ ಮುಳ್ಳು ನೋಡಬೇಕು. ಪಾಪಾಸುಕಳ್ಳಿಯ ಮುಳ್ಳು ಒಂದೊಂದು ಚುಕ್ಕೆಯಿಂದ ಗೊಂಚಲಾಗಿ ಹೊರಡುತ್ತದೆ. ಜತೆಗೆ ಬೆರಳಿಗೆ ನೆಟ್ಟರೆ ಕೀಳಲಾಗದ ಸಣ್ಣ ಸುಂಕು. ಹಾಲುಗಳ್ಳಿಯ ಮುಳ್ಳು ಏಣಿನ ಮೇಲೆ ಜೋಡಿ ಜೋಡಿ. ಬೇಲಿಗೆ ಹಾಕುವ, ಪೆನ್ಸಿಲಿನಂಥ ದುಂಡುಕಡ್ಡಿಯ ಕಳ್ಳಿಗೆ ಮಾತ್ರ ಮುಳ್ಳಿಲ್ಲ, ಹಾಲೇನೋ ಧಾರಾಳ.

ಹೋಲಿಕೆಯಿಂದ ಮೋಸಹೋಗುವುದು ಹೊಸದಲ್ಲ. ೧೭೯೫ರಲ್ಲಿ ಕೆಂಪು ಬಣ್ಣ ತೆಗೆಯಲೆಂದು ಬ್ರೆಜಿಲಿನಿಂದ ಕೀಟ ತರಿಸಿದರು. ಬಂದದ್ದು ಅದರ ದಾಯಾದಿ! ಬಣ್ಣ ಸೊನ್ನೆ ಎನ್ನುವಂತಾಯಿತು. ಕೀಟ ಮಾತ್ರ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಮೇದು ಮುಗಿಸಿತು. ಪಕ್ಕದ ಮತ್ತೊಂದು ಜಾತಿ ಅದಕ್ಕೆ ರುಚಿಸಲಿಲ್ಲ. ಅದರ ಹಾವಳಿ ತಗ್ಗಿಸಲು ೧೯೨೬ರಲ್ಲಿ ಶ್ರೀಲಂಕೆಯಿಂದ ಬೇರೆ ಕೀಟವನ್ನೇ ತರಬೇಕಾಯಿತು. ಮನುಷ್ಯನಿಗೆ ತಿಳಿಯದ ಭೇದ ಹುಳುವಿಗೆ ತಿಳಿದಿತ್ತು.

ಇನ್ನೊಂದು ಗಿಡವುಂಟು, ತೆಲುಗಿನಲ್ಲಿ ‘ಕುಂದೇಟಿಕೊಮ್ಮು’, ಎಂದರೆ ಮೊಲದ ಕೊಂಬು. ಬೆರಳುಗಾತ್ರದ, ನಾಲ್ಕು ಏಣಿನ, ಮುಳ್ಳಿಲ್ಲದ ಕಾಂಡ. ಒಳಗೆ ತಿಳಿಯಾದ ರಸ. ಹಳ್ಳಿಯವರು ಇದನ್ನು ತಿನ್ನುತ್ತಾರೆ. ನೋಟಕ್ಕೆ ಇದು ಹಾಲುಗಳ್ಳಿಯ ಮರಿಯಂತಿರುವುದರಿಂದ, ಬಲ್ಲವರು ಜತೆಗಿಲ್ಲದೆ ಯಾರೂ ಬಾಯಿಗೆ ಹಾಕಬಾರದು.

ಇಷ್ಟೆಲ್ಲ ಹೇಳಿದ್ದು ಮಕ್ಕಳ ಕಣ್ಣಿಗಾಗಿ. ಹಾಲು ಇದೆಯೇ ಎಂದು ಕಾಂಡ ಚಿವುಟಿ ನೋಡುವುದು ಮಕ್ಕಳ ಸಹಜ ಬುದ್ಧಿ. ಅದೇ ಕೈ ಕಣ್ಣಿಗೆ ಹೋಗುತ್ತದೆ. ಕಳ್ಳಿಹಾಲು ಕಣ್ಣನ್ನು ಸುಡುತ್ತದೆ, ದೃಷ್ಟಿಗೂ ಕುತ್ತು ತರಬಲ್ಲದು. ಕೆಲವೊಮ್ಮೆ ಉರಿ ತಡವಾಗಿ ಏರುವುದರಿಂದ ‘ಏನೂ ಆಗಿಲ್ಲ’ ಎಂದು ಸುಮ್ಮನಿರಬಾರದು. ಕಣ್ಣುಜ್ಜಬಾರದು, ಎಣ್ಣೆ, ಎದೆಹಾಲು ಎಂಬ ಮನೆಮದ್ದೂ ಬೇಡ. ಕೂಡಲೆ ಶುದ್ಧ ನೀರಿನಲ್ಲಿ ಕಾಲುಗಂಟೆಯಾದರೂ ತೊಳೆದು, ಅಂದೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಬುತ್ತಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುವ ತಾಯಂದಿರು ಒಂದು ತಂಬಿಗೆ ನೀರನ್ನು ಇದಕ್ಕೆಂದೇ ಹೆಚ್ಚಾಗಿ ಒಯ್ಯಲಿ. ಮಕ್ಕಳು ಕೈಯನ್ನು ಬೆನ್ನಹಿಂದೆ ಕಟ್ಟಿಕೊಂಡು, ಮುಳ್ಳು ಜೋಡಿಯೋ ಗೊಂಚಲೋ ಎಂದು ಕಣ್ಣಿನಿಂದಲೇ ಎಣಿಸಲಿ.