ಸೋಲಿಗೆ ಒಪ್ಪಿಗೆ ಕೊಟ್ಟವರು ಯಾರು?

2017ರ ಡಿಸೆಂಬರ್ 7ರಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಸಾಶಿ ಬ್ರೌನ್ ಅವರನ್ನು ಮನೆಗೆ ಕಳಿಸಿತು. ಅವರ ಹುದ್ದೆಯ ಹೆಸರು ಬೇರೆ ಇದ್ದರೂ ಮಾಡುತ್ತಿದ್ದದ್ದು ಜನರಲ್ ಮ್ಯಾನೇಜರ್ ಕೆಲಸವೇ: ಯಾವ ಆಟಗಾರನನ್ನು ತರಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ತೀರ್ಮಾನ. ಅವರ ಕಾಲದಲ್ಲಿ ತಂಡ 28 ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು. ಇಷ್ಟು ಹೇಳಿದ ಮೇಲೆ ಅವರ ವಜಾ ತಪ್ಪು ಎಂದು ವಾದಿಸಲು ಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ಆದರೆ ಅದೇ ದಿನದ ಇನ್ನೊಂದು ಘೋಷಣೆಯನ್ನೂ ಗಮನಿಸಬೇಕು. ಕೋಚ್ ಹ್ಯೂ ಜಾಕ್ಸನ್ ಮುಂದಿನ ವರ್ಷವೂ ಇರುತ್ತಾರೆ ಎಂದು ಮಾಲೀಕ ಜಿಮ್ಮಿ ಹ್ಯಾಸ್ಲಮ್ ಹೇಳಿದರು. ಅವೇ 27 ಸೋಲುಗಳು ಕೋಚ್ ಖಾತೆಯಲ್ಲೂ ಇದ್ದವು. ಸೋಲೇ ಕಾರಣವಾಗಿದ್ದರೆ ಇಬ್ಬರೂ ಹೋಗಬೇಕಿತ್ತು. ಒಬ್ಬರು ಹೋಗಿ ಒಬ್ಬರು ಉಳಿದರೆಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಆ ತಂಡ ಆಡುವ ಎನ್‌ಎಫ್‌ಎಲ್ ಲೀಗಿನ ನಿಯಮಗಳನ್ನು ತಿಳಿಯದೆ ಈ ವಿವಾದ ಅರ್ಥವಾಗದು. ನಮ್ಮ ಐಪಿಎಲ್‌ನಲ್ಲಿ ಹಣ ಹಿಡಿದು ಹರಾಜಿಗೆ ಕೂರುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಕಾಲೇಜಿನಿಂದ ಬರುವ ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಡ್ರಾಫ್ಟ್ ಎನ್ನುವ ಈ ಆಯ್ಕೆಯ ಸರದಿಗಳನ್ನು ತಂಡಗಳು ಪರಸ್ಪರ ಕೊಟ್ಟು ಕೊಳ್ಳಲೂಬಹುದು. ಸಂಬಳಕ್ಕೆ ಎಲ್ಲ ತಂಡಗಳಿಗೂ ಒಂದೇ ಮಿತಿ. ಈ ವರ್ಷ ಉಳಿಸಿದ್ದನ್ನು ಮುಂದಿನ ವರ್ಷದ ಮಿತಿಗೆ ಸೇರಿಸಿಕೊಳ್ಳಬಹುದು. ಹೀಗಾಗಿ ತಂಡವನ್ನು ಬುಡದಿಂದ ಕಟ್ಟಬೇಕೆಂದರೆ ದುಬಾರಿ ಆಟಗಾರರನ್ನು ಬಿಟ್ಟು, ಸರದಿ ಮತ್ತು ಹಣ ಎರಡನ್ನೂ ಕೂಡಿಡುವುದು ಒಂದು ದಾರಿ. 2012ರಲ್ಲಿ ತಂಡ ಕೊಂಡ ಹ್ಯಾಸ್ಲಮ್ 2016ರ ಜನವರಿಯೊಳಗೆ ಮೂವರು ಕೋಚ್‌ಗಳನ್ನು ಕಳಿಸಿಯಾಗಿತ್ತು. ಆಗ ಅವರೇ ಈ ದಾರಿ ಹಿಡಿದರು. ವಕೀಲರಾಗಿದ್ದ ಸಾಶಿ ಬ್ರೌನ್ ಕೈಗೆ ಆಟಗಾರರ ಆಯ್ಕೆ ಕೊಟ್ಟರು, ಬೇಸ್‌ಬಾಲ್‌ನಲ್ಲಿ ಅಂಕಿಅಂಶಗಳ ಲೆಕ್ಕಾಚಾರಕ್ಕೆ ಹೆಸರಾಗಿದ್ದ ಪಾಲ್ ಡಿಪೊಡೆಸ್ಟಾ ಅವರನ್ನು ಕರೆತಂದರು. ಆ ಮಾರ್ಚ್‌ನಲ್ಲಿ ಅಲೆಕ್ಸ್ ಮ್ಯಾಕ್, ಮಿಚೆಲ್ ಶ್ವಾರ್ಟ್ಸ್ ಅವರಂಥ ಪಳಗಿದ ಆಟಗಾರರು ಹೊರಟರು. ಏಪ್ರಿಲ್ ಡ್ರಾಫ್ಟ್‌ನಲ್ಲಿ ತಂಡ 14 ಹುಡುಗರನ್ನು ಆರಿಸಿಕೊಂಡಿತು. ಇಂಥ ತಂಡ ಸೋಲದೆ ಇನ್ನೇನು ಮಾಡೀತು? ಯೋಜನೆಗೆ ತೆರಬೇಕಾದ ಬೆಲೆಯೇ ಸೋಲಾಗಿತ್ತು. ಆ ಬೆಲೆಗೆ ಮೊದಲು ಒಪ್ಪಿದವರು ಮಾಲೀಕರು.

ಬೆಲೆ ತೆತ್ತು ಕೊಂಡದ್ದೇನು ಎಂಬುದಕ್ಕೆ 2017ರ ಮಾರ್ಚ್‌ನ ಒಂದು ವ್ಯವಹಾರ ನೋಡಿ. ಹ್ಯೂಸ್ಟನ್ ತಂಡಕ್ಕೆ ಬ್ರಾಕ್ ಆಸ್ವೈಲರ್ ಎಂಬ ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಹೊರೆಯಾಗಿದ್ದರು. ಆಟ ಕುದುರಲಿಲ್ಲ, ಆ ವರ್ಷದ 1.6 ಕೋಟಿ ಡಾಲರ್ ಸಂಬಳ ಮಾತ್ರ ತಪ್ಪುವಂತಿರಲಿಲ್ಲ. ಕ್ಲೀವ್‌ಲ್ಯಾಂಡ್ ಆ ಸಂಬಳದ ಹೊರೆ ಹೊತ್ತಿತು, ಪ್ರತಿಯಾಗಿ 2018ರ ಎರಡನೇ ಸುತ್ತಿನ ಸರದಿ ಪಡೆಯಿತು, ಆಸ್ವೈಲರ್‌ರನ್ನು ಸೀಸನ್ ಶುರುವಾಗುವ ಮೊದಲೇ ಬಿಟ್ಟುಕೊಟ್ಟಿತು. ಆಡದ ಆಟಗಾರನಿಗೆ ದುಡ್ಡು ಸುರಿದರು ಎಂದು ನಕ್ಕವರಿಗೆ ಕೊರತೆಯಿರಲಿಲ್ಲ. ಮರುವರ್ಷ ಆ ಸರದಿಯಲ್ಲಿ, 35ನೆಯವರಾಗಿ ಬಂದವರು ನಿಕ್ ಚಬ್. 2019ರಲ್ಲಿ ಅವರು ಓಡಿ ಗಳಿಸಿದ್ದು 1,494 ಗಜ. ಖಾಲಿ ಬಿದ್ದಿದ್ದ ಸಂಬಳದ ಮಿತಿಯನ್ನು ತಾರೆಯಾಗಿ ಬದಲಿಸಿದ ಈ ಉಪಾಯ ಆ ಲೀಗಿನಲ್ಲಿ ಅಪರೂಪದ್ದು. 2017ರ ಮೊದಲ ಸರದಿಯಲ್ಲಿ ಆರಿಸಿದ ಮೈಲ್ಸ್ ಗ್ಯಾರೆಟ್ 2023ರಲ್ಲಿ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡರು. ಸಾಶಿ ಬ್ರೌನ್ ಹೊರಟಾಗ ಮುಂದಿನ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಎರಡು ಸರದಿ, ಸಂಬಳದ ಮಿತಿಯಲ್ಲಿ 10 ಕೋಟಿ ಡಾಲರ್‌ಗೂ ಹೆಚ್ಚಿನ ಜಾಗ ತಂಡದ ಕೈಯಲ್ಲಿತ್ತು. ಗಂಟು ಕಟ್ಟಿದವರು ಒಬ್ಬರು, ಬಿಚ್ಚಿದವರು ಇನ್ನೊಬ್ಬರು.

ಎದುರು ವಾದ ಹಗುರವಾದದ್ದೇನಲ್ಲ. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡಕ್ಕೆ ಭವಿಷ್ಯವಿಲ್ಲ. ಸಾಶಿ ಬ್ರೌನ್ ಇಬ್ಬರನ್ನು ಕೈಬಿಟ್ಟರು. 2016ರಲ್ಲಿ ತಮ್ಮ ಎರಡನೇ ಸರದಿಯನ್ನು ಫಿಲಡೆಲ್ಫಿಯಾಕ್ಕೆ ಮಾರಿದರು, ಅಲ್ಲಿ ಕಾರ್ಸನ್ ವೆಂಟ್ಸ್ ಆಯ್ಕೆಯಾದರು. ಆ ವ್ಯವಹಾರದಲ್ಲಿ ಸಿಕ್ಕ 2017ರ 12ನೇ ಸರದಿಯನ್ನು ಹ್ಯೂಸ್ಟನ್‌ಗೆ ಮಾರಿದರು, ಅಲ್ಲಿ ಡೆಶಾನ್ ವಾಟ್ಸನ್ ಆಯ್ಕೆಯಾದರು. ತಮ್ಮ ತಂಡಕ್ಕೆ ಆರಿಸಿದ ಡೆಶೋನ್ ಕೈಸರ್ 2017ರಲ್ಲಿ 22 ಬಾರಿ ಚೆಂಡನ್ನು ಎದುರಾಳಿಗಳ ಕೈಗಿತ್ತರು. ಇನ್ನು ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಸಿನ್ಸಿನಾಟಿಯಿಂದ ಕ್ವಾರ್ಟರ್‌ಬ್ಯಾಕ್ ಎ.ಜೆ. ಮಕ್ಯಾರನ್ ಅವರನ್ನು ತರುವ ಮಾತುಕತೆ ಮುಗಿದಿದ್ದರೂ ಕಾಗದಪತ್ರ ಗಡುವಿನೊಳಗೆ ಲೀಗಿಗೆ ತಲುಪದೆ ಕೆಟ್ಟುಹೋಯಿತು. ಆ ಎಡವಟ್ಟಿಗೆ ನನ್ನಲ್ಲೂ ಸಮರ್ಥನೆಯಿಲ್ಲ. ಶ್ವಾರ್ಟ್ಸ್ ಅವರನ್ನು ಬಿಟ್ಟದ್ದೂ ತಪ್ಪೇ. ಆದರೆ ವೆಂಟ್ಸ್ ವಿಷಯದಲ್ಲಿ ತೀರ್ಪು ಕೊಟ್ಟ ಹೊತ್ತನ್ನು ಗಮನಿಸಿ. ವಜಾ ನಡೆದ ವಾರ ಅವರು ಲೀಗಿನ ಕಣ್ಮಣಿ. ಮೂರೇ ದಿನದಲ್ಲಿ ಮೊಣಕಾಲು ಪೆಟ್ಟಾಯಿತು, 2021ರಲ್ಲಿ ಫಿಲಡೆಲ್ಫಿಯಾವೇ ಅವರನ್ನು ಸಾಗಹಾಕಿತು. ವಾಟ್ಸನ್ ಆಯ್ಕೆಯಾದ ಸರದಿಯನ್ನು ಮಾರಿ ಪಡೆದ ಸರದಿಯಿಂದ ಮರುವರ್ಷ ನಾಲ್ಕನೆಯವರಾಗಿ ಡೆಂಜಲ್ ವಾರ್ಡ್ ಬಂದರು. ಐದಾರು ವರ್ಷಕ್ಕೆ ಫಲ ಕೊಡುವ ತೀರ್ಮಾನಗಳನ್ನು ಇಪ್ಪತ್ತಮೂರನೇ ತಿಂಗಳಿಗೆ ತೂಗಿದರೆ ತಕ್ಕಡಿಯಲ್ಲಿ ಸೋಲು ಮಾತ್ರ ಕಾಣುತ್ತದೆ.

ಉತ್ತರಾಧಿಕಾರಿ ಜಾನ್ ಡಾರ್ಸಿ ಬಂದ ಮೇಲೆ ತಂಡ ಎದ್ದು ನಿಂತಿತಲ್ಲ ಎನ್ನುವವರಿದ್ದಾರೆ. 2018ರಲ್ಲಿ ಏಳು ಗೆಲುವು, ಎಂಟು ಸೋಲು, ಒಂದು ಸಮ, ನಿಜ. ಮೊದಲ ಸರದಿಯಲ್ಲಿ ಬೇಕರ್ ಮೇಫೀಲ್ಡ್ ಅವರನ್ನು ಆರಿಸಿದ ಧೈರ್ಯ ಡಾರ್ಸಿಯದ್ದೇ. ಆದರೆ ಆ ಗೆಲುವುಗಳಲ್ಲಿ ಐದು ಬಂದದ್ದು ಅಕ್ಟೋಬರ್ ಕೊನೆಗೆ ಹ್ಯೂ ಜಾಕ್ಸನ್ ವಜಾ ಆದ ನಂತರದ ಎಂಟು ಪಂದ್ಯಗಳಲ್ಲಿ. ಉಳಿಸಿಕೊಂಡ ಕೋಚ್ ಒಟ್ಟು ಮೂರು ಪಂದ್ಯ ಗೆದ್ದು, 36 ಸೋತು, ಒಂದನ್ನು ಸಮ ಮಾಡಿ ಹೋದರು. ಹಾಗಾದರೆ 2017ರಲ್ಲಿ ಹೋಗಬೇಕಿದ್ದವರು ಯಾರು? ಡಾರ್ಸಿಯೂ 2019ರ ಡಿಸೆಂಬರ್ 31ರಂದು ಕೆಲಸ ಬಿಡಬೇಕಾಯಿತು. ಅವರ ಜಾಗಕ್ಕೆ ಹ್ಯಾಸ್ಲಮ್ ಕರೆತಂದದ್ದು ಆಂಡ್ರ್ಯೂ ಬೆರಿಯನ್ನು. ಬೆರಿ 2016ರಲ್ಲಿ ಸಾಶಿ ಬ್ರೌನ್ ಕೈಕೆಳಗೆ ಆಟಗಾರರ ವಿಭಾಗ ನೋಡಿಕೊಂಡಿದ್ದವರು. ಡಿಪೊಡೆಸ್ಟಾ ಅಂತೂ ಎಲ್ಲೂ ಹೋಗಿರಲೇ ಇಲ್ಲ. ಸಿದ್ಧಾಂತ ಸುಳ್ಳಾಗಿದ್ದರೆ ಅದೇ ಶಾಲೆಯವರಿಗೆ ಮತ್ತೆ ಬೀಗದ ಕೈ ಕೊಡುತ್ತಿದ್ದರೇ? 2020ರಲ್ಲಿ ಆ ತಂಡ 11 ಪಂದ್ಯ ಗೆದ್ದು, 2021ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ನೆಲದಲ್ಲಿ 48-37ರಿಂದ ಪ್ಲೇಆಫ್ ಪಂದ್ಯ ಗೆದ್ದಿತು. 1994ರ ಸೀಸನ್ ನಂತರ ಅದು ಮೊದಲನೆಯದು.

ಅಭಿಮಾನಿಗಳ ಸಂಕಟದ ಮಾತು ಉಳಿಯಿತು. 2017ರಲ್ಲಿ ತಂಡ ಹದಿನಾರಕ್ಕೆ ಹದಿನಾರೂ ಸೋತಾಗ, 2018ರ ಜನವರಿಯ ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಕ್ರೀಡಾಂಗಣದ ಸುತ್ತ ಸೊನ್ನೆಯಾಕಾರದಲ್ಲಿ ಅಣಕು ಮೆರವಣಿಗೆ ಹೊರಟರು. ಟಿಕೆಟ್ಟಿಗೆ ದುಡ್ಡು ಕೊಟ್ಟವರಿಗೆ ಸಿಟ್ಟಾಗುವ ಹಕ್ಕಿದೆ. ಕೆಡವಿ ಕಟ್ಟುವ ಹೆಸರಿನಲ್ಲಿ ಕೊನೆಯಿಲ್ಲದ ರಜಾ ಚೀಟಿ ಬರೆಯಿರಿ ಎಂದು ನಾನೂ ಕೇಳುತ್ತಿಲ್ಲ. ಡೆಟ್ರಾಯಿಟ್ ಲಯನ್ಸ್ ತಂಡ, ಆಟಗಾರರ ಆಯ್ಕೆಯ ಹೊಣೆ ಹೊತ್ತಿದ್ದ ಮ್ಯಾಟ್ ಮಿಲನ್ ಅವರನ್ನು 2001ರಿಂದ 2008ರವರೆಗೆ ಸಹಿಸಿ, 31 ಗೆಲುವಿಗೆ 84 ಸೋಲು ಉಂಡಿತು. ಅದು ತಾಳ್ಮೆಯಲ್ಲ, ಕಣ್ಣು ಮುಚ್ಚಿ ಕೂತದ್ದು. ಅದೇ ಡೆಟ್ರಾಯಿಟ್‌ನಲ್ಲಿ 2022ರ ಅಕ್ಟೋಬರ್‌ನಲ್ಲಿ ಜನರಲ್ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ ಎರಡನೇ ವರ್ಷದಲ್ಲಿದ್ದರು, ತಂಡ ಆರು ಪಂದ್ಯಗಳಲ್ಲಿ ಗೆದ್ದದ್ದು ಒಂದು. ಮಾಲೀಕರಾದ ಶೀಲಾ ಫೋರ್ಡ್ ಹ್ಯಾಂಪ್ ಪತ್ರಕರ್ತರ ಮುಂದೆ ಬಂದು ತಮ್ಮವರ ಮೇಲೆ ನಂಬಿಕೆಯಿದೆ ಎಂದರು. ಆ ವರ್ಷ ಒಂಬತ್ತು ಗೆಲುವು, ಮರುವರ್ಷ ಹನ್ನೆರಡು, ಅದರ ಮುಂದಿನ ವರ್ಷ ಹದಿನೈದು. ಹೋಮ್ಸ್ ಆರಿಸಿದ ಹುಡುಗರು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರು, ಮಿಲನ್ ಕಾಲದಲ್ಲಿ ಆ ಬೆಳವಣಿಗೆ ಇರಲಿಲ್ಲ. ನೋಡಬೇಕಾದದ್ದು ಅದನ್ನೇ: ಹೇಳಿದ ಕೆಲಸ ನಡೆಯುತ್ತಿದೆಯೇ? ಆ ಅಳತೆಗೋಲನ್ನು ಒಪ್ಪಂದದ ದಿನವೇ ಗೊತ್ತುಮಾಡಿಕೊಳ್ಳಬೇಕು, ಸೋಲು ನಾಚಿಕೆ ಹುಟ್ಟಿಸಿದ ದಿನ ಹೊಸದೊಂದನ್ನು ತರಬಾರದು.

ಕ್ಲೀವ್‌ಲ್ಯಾಂಡಿನ ಕತೆಗೆ ಇನ್ನೊಂದು ತಿರುವಿದೆ. 2022ರ ಮಾರ್ಚ್‌ನಲ್ಲಿ ಅದೇ ಡೆಶಾನ್ ವಾಟ್ಸನ್‌ಗಾಗಿ ತಂಡ ಮೊದಲ ಸುತ್ತಿನ ಮೂರು ಸರದಿ ಕೊಟ್ಟು, 23 ಕೋಟಿ ಡಾಲರ್‌ನ ಸಂಪೂರ್ಣ ಖಾತರಿಯ ಒಪ್ಪಂದ ಬರೆಯಿತು. ಲೈಂಗಿಕ ದುರ್ವರ್ತನೆಯ ಆರೋಪಗಳ ಮೇಲೆ ಅವರು 11 ಪಂದ್ಯಗಳ ಅಮಾನತು ಉಂಡರು, ಆಮೇಲೆ ಗಾಯಗಳಾದವು, ಮೂರು ಸೀಸನ್‌ಗಳಲ್ಲಿ ಆಡಿದ್ದು 19 ಪಂದ್ಯ. 2024ರಲ್ಲಿ ತಂಡ 17ರಲ್ಲಿ 14 ಸೋತಿತು. ವಾಟ್ಸನ್ ವಿಷಯದಲ್ಲಿ ಏಟು ಗುರಿ ತಪ್ಪಿತೆಂದು 2025ರಲ್ಲಿ ಹ್ಯಾಸ್ಲಮ್ ಬಹಿರಂಗವಾಗಿ ಒಪ್ಪಿಕೊಂಡರು. ಆ ಸೋಲಿಗೆ ಬೆರಿಯ ತಲೆದಂಡ ಆಗಲಿಲ್ಲ, ಆಗಬೇಕೆಂದು ನಾನು ಹೇಳುವುದೂ ಇಲ್ಲ. ಮಾಲೀಕರು ತಮ್ಮ ಪಾಲಿನ ಹೊಣೆ ಒಪ್ಪಿಕೊಂಡಾಗ ಮ್ಯಾನೇಜರ್‌ನ ಕುರ್ಚಿ ಉಳಿಯಿತು. 2017ರಲ್ಲೂ ಯೋಜನೆ ಮಾಲೀಕರದ್ದೇ ಆಗಿತ್ತು. ಆಗ ಅವರು ಹೊಣೆ ಒಪ್ಪಿಕೊಳ್ಳಲಿಲ್ಲ, ಸಾಶಿ ಬ್ರೌನ್ ಕೆಲಸ ಕಳೆದುಕೊಂಡರು.