ದುಡಿಮೆಯ ನಡುವೆ ಡಾಕ್ಟರೇಟ್

ಹೆಸರಿನ ಮುಂದೆ ‘ಡಾ.’ ಎಂದು ಬರೆಸಿ ಗೇಟಿಗೆ ಫಲಕ ತೂಗಿಸಿದರೆ, ಮಗುವಿನ ಕೆಮ್ಮಿಗೆ ಔಷಧ ಕೇಳಿಕೊಂಡು ಯಾರಾದರೊಬ್ಬರು ಬರುವುದು ನಮ್ಮ ಬಡಾವಣೆಗಳಲ್ಲಿ ಹೊಸತೇನಲ್ಲ. ಸಾಹಿತ್ಯದ ಡಾಕ್ಟರನು ಕೆಮ್ಮಿಗೆ ಮದ್ದು ಕೊಡಲಾರನೆಂಬುದನ್ನು ಜನ ಹೇಗೋ ಕ್ಷಮಿಸಿದ್ದಾರೆ. ಈಗ ವ್ಯವಹಾರದ ಡಾಕ್ಟರನೂ ಬಂದಿದ್ದಾನೆ. ಹಗಲೆಲ್ಲ ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಅಧಿಕಾರ ನಡೆಸಿ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಪ್ರಬಂಧ ಬರೆಯತಕ್ಕ, ನಲವತ್ತು ದಾಟಿದ ವಿದ್ಯಾರ್ಥಿ ಈತ. ಈತನು ಬಯಸುವ ಪದವಿಗೆ ಡಿ.ಬಿ.ಎ., ಅಂದರೆ ವ್ಯವಹಾರಾಡಳಿತದ ಡಾಕ್ಟರೇಟ್, ಎಂದು ಹೆಸರು.

ಪಿಎಚ್.ಡಿ. ಇರುವಾಗ ಇದೇಕೆ ಎಂದು ವಾಚಕರು ಕೇಳಬಹುದು. ಪಿಎಚ್.ಡಿ.ಯ ವಿದ್ಯಾರ್ಥಿ ಸಾಮಾನ್ಯವಾಗಿ ಗ್ರಂಥಭಂಡಾರದಿಂದ ಹೊರಟು ಲೋಕಕ್ಕೆ ಬರುತ್ತಾನೆ, ಡಿ.ಬಿ.ಎ. ವಿದ್ಯಾರ್ಥಿ ಲೋಕದಿಂದ ಹೊರಟು ಗ್ರಂಥಭಂಡಾರಕ್ಕೆ ಹೋಗುತ್ತಾನೆ. ನುರಿತ ಕೆಲಸಗಾರರು ವರ್ಷವರ್ಷವೂ ಏಕೆ ಬಿಟ್ಟುಹೋಗುತ್ತಾರೆ ಎಂಬಂತಹ, ತನ್ನ ಉದ್ಯೋಗದಲ್ಲಿ ತನ್ನನ್ನು ಕಾಡಿದ ಪ್ರಶ್ನೆಯೊಂದನ್ನೇ ಆತ ಸಂಶೋಧನೆಗೆ ತರುತ್ತಾನೆ. ಹಾರ್ವರ್ಡಿನ ವ್ಯವಹಾರ ವಿದ್ಯಾಲಯ ಈ ಹೆಸರಿನ ಪದವಿಯನ್ನು ದೀರ್ಘಕಾಲ ನೀಡುತ್ತಿತ್ತಾದರೂ ಅದು ಮುಖ್ಯವಾಗಿ ಅಧ್ಯಾಪಕರಾಗುವವರಿಗೆ. ದುಡಿಯುವವರಿಗಾಗಿ ರೂಪಿಸಿದ ಬಗೆ ಬ್ರಿಟನ್ನಿನಲ್ಲಿ ಹಬ್ಬಿದ್ದು 1990ರ ದಶಕದಲ್ಲಿ. ಅಲ್ಲಿಯೂ ಪ್ರಬಂಧವುಂಟು, ಮೌಖಿಕ ಪರೀಕ್ಷೆಯುಂಟು, ಮಟ್ಟದಲ್ಲಿ ರಿಯಾಯಿತಿಯಿಲ್ಲ. ವಿದ್ವತ್ತಿಗೂ ವೃತ್ತಿಗೂ ಎರಡಕ್ಕೂ ಹೊಸದೇನನ್ನಾದರೂ ಕೊಡಬೇಕೆಂಬುದು ಅದರ ನಿಯಮ.

ದುಡಿಯುವವನಿಂದ ಶಾಸ್ತ್ರ ಹುಟ್ಟೀತೆ ಎಂಬ ಸಂದೇಹಕ್ಕೆ ಚೆಸ್ಟರ್ ಬರ್ನಾರ್ಡನೇ ಉತ್ತರ. ಹಾರ್ವರ್ಡಿನಲ್ಲಿ ಓದಿ, ಪದವಿ ಪಡೆಯದೆಯೇ ಹೊರಬಿದ್ದ ಈತ ಟೆಲಿಫೋನು ಕಂಪೆನಿ ಸೇರಿ, 1927ರಲ್ಲಿ ನ್ಯೂಜೆರ್ಸಿ ಬೆಲ್ ಸಂಸ್ಥೆಯ ಅಧ್ಯಕ್ಷನಾದ. ತನ್ನ ಅನುಭವವನ್ನು ಮಥಿಸಿ ಕೊಟ್ಟ ಉಪನ್ಯಾಸಗಳನ್ನು ಆಧರಿಸಿ 1938ರಲ್ಲಿ ಪ್ರಕಟಿಸಿದ ‘ದಿ ಫಂಕ್ಷನ್ಸ್ ಆಫ್ ದಿ ಎಕ್ಸಿಕ್ಯುಟಿವ್’ ಇಂದಿಗೂ ಆಡಳಿತಶಾಸ್ತ್ರದ ಮೂಲಗ್ರಂಥಗಳಲ್ಲೊಂದು. ಅಪ್ಪಣೆಗೆ ಬಲ ಬರುವುದು ಕೊಡುವವನ ಕುರ್ಚಿಯಿಂದಲ್ಲ, ಪಡೆಯುವವನ ಒಪ್ಪಿಗೆಯಿಂದ ಎಂಬುದು ಆತ ಕಂಡ ಸತ್ಯ. ಕುರ್ಚಿಯ ಮೇಲೆ ಕುಳಿತವನೇ ಇದನ್ನು ಹೇಳಿದನೆಂಬುದರಲ್ಲಿ ಅದರ ಸ್ವಾರಸ್ಯ.

ಆದರೆ ಈ ಕುರ್ಚಿಯೇ ಸಂಶೋಧಕನಿಗೆ ದೊಡ್ಡ ತೊಡಕು. ತನ್ನ ಕೈಕೆಳಗಿನ ಗುಮಾಸ್ತನನ್ನು ಕರೆದು, “ಈ ಕಚೇರಿಯಲ್ಲಿ ನಿನಗೆ ಸುಖವಿದೆಯೆ?” ಎಂದು ಅಧಿಕಾರಿ ಕೇಳಿದರೆ, ಬಡ್ತಿಯ ಆಸೆಯುಳ್ಳವನು ಏನು ಹೇಳಿಯಾನು? ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ನಡೆದ ಪ್ರಸಿದ್ಧ ಪ್ರಯೋಗಗಳ ಕಾಲದಲ್ಲಿ 20,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತನಾಡಿಸಿದರು. ಸಿದ್ಧ ಪ್ರಶ್ನೆಗಳನ್ನು ಕೈಬಿಟ್ಟು, ಅವರು ಹೇಳಿದ್ದನ್ನು ಸುಮ್ಮನೆ ಕೇಳತೊಡಗಿದ ಮೇಲೆಯೇ ಮನಸ್ಸಿನ ಮಾತು ಹೊರಬಂದಿತು. ಹಾಗೆ ನಂಬಿ ಹೇಳಿದ ಮಾತು ಪ್ರಬಂಧದ ಪುಟ ಸೇರಿದಾಗ, ಹೆಸರು ಮರೆಸಿದರೂ, ಹದಿನೈದು ಜನರ ಕಚೇರಿಯಲ್ಲಿ ಅದು ಯಾರ ಮಾತೆಂದು ಯಾರಿಗೆ ತಿಳಿಯದು? ಒಂದು ಕಡೆ ನಿಜವನ್ನು ಕೇಳುವ ಪರೀಕ್ಷಕರು. ಮತ್ತೊಂದು ಕಡೆ ಗುಟ್ಟನ್ನು ಕಾಯ್ದುಕೊಳ್ಳಬಯಸುವ ಯಜಮಾನರು. ನಡುವೆ ಸಂಬಳ ತರುವ ಗೃಹಸ್ಥ. ಈ ಧರ್ಮಸಂಕಟವನ್ನು ದಾಟುವುದೇ ಈ ವಿದ್ಯೆಯ ನಿಜವಾದ ಪರೀಕ್ಷೆ.

ನಮ್ಮಲ್ಲಿ ದುಡಿಯುತ್ತಲೇ ಪಿಎಚ್.ಡಿ. ಮಾಡಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳು ದಾರಿ ಮಾಡಿಕೊಟ್ಟಿವೆ. ಕನಿಷ್ಠ ಅವಧಿ 3 ವರ್ಷ. ಮಹಿಳೆಯರಿಗೆ ಗರಿಷ್ಠ ಅವಧಿಯಲ್ಲಿ ಇನ್ನೂ 2 ವರ್ಷಗಳ ರಿಯಾಯಿತಿಯುಂಟು. ಅಭ್ಯರ್ಥಿಗೆ ಸಂಶೋಧನೆಗೆ ಸಾಕಷ್ಟು ಸಮಯ ದೊರೆಯುವುದೆಂದು ಉದ್ಯೋಗ ಕೊಟ್ಟವರು ಬರೆದುಕೊಡಬೇಕು. ಇದು ಯುಕ್ತವೇ ಸರಿ. ಆದರೆ ಆ ಸಮಯವನ್ನು ವಾಸ್ತವವಾಗಿ ಕೊಡುವವರು ಯಾರು? ಕಚೇರಿ ತನ್ನ ಎಂಟು ಗಂಟೆಗಳನ್ನು ಬಿಡುವುದಿಲ್ಲ. ಭಾನುವಾರವನ್ನು ಬಿಟ್ಟುಕೊಡುವವಳು ಹೆಂಡತಿ. ಕಥೆ ಕೇಳದೆ ಮಲಗುವುದು ಮಗು. ಔಷಧದಂಗಡಿಗೆ ತಾವೇ ನಡೆದುಹೋಗುವವರು ವೃದ್ಧ ತಂದೆ. ಓದುವವಳು ಗೃಹಿಣಿಯೇ ಆಗಿದ್ದರಂತೂ, ಕಚೇರಿಯೂ ಅಡಿಗೆಮನೆಯೂ ಮುಗಿದ ಬಳಿಕ ಉಳಿದದ್ದೇ ಆಕೆಯ ಪಾಲಿನ ವಿಶ್ವವಿದ್ಯಾನಿಲಯ. ಇವರೆಲ್ಲರ ಒಪ್ಪಿಗೆಪತ್ರವನ್ನು ಯಾವ ನಿಯಮವೂ ಕೇಳುವುದಿಲ್ಲ.

ಇಷ್ಟು ಬೆಲೆ ತೆರುವವರು ಕೊಳ್ಳುವ ಸರಕನ್ನು ಪರೀಕ್ಷಿಸಬೇಕಲ್ಲವೆ? ವಿದೇಶೀ ಸಂಸ್ಥೆಗಳ ಹೆಸರು ಹೇಳಿ ಖಾಸಗಿ ಕಂಪೆನಿಗಳು ಅಂತರ್ಜಾಲದ ಮೂಲಕ ಮಾರುವ ಪಿಎಚ್.ಡಿ.ಗಳಿಗೆ ಮರುಳಾಗಬೇಡಿರೆಂದು ಅದೇ ಆಯೋಗ 2022ರಲ್ಲಿ ಎಚ್ಚರಿಸಿತು. ಪದವಿ ಕೊಡುವ ಸಂಸ್ಥೆಗೆ ಅದರ ದೇಶದಲ್ಲಿ ಮನ್ನಣೆಯಿದೆಯೆ, ಮಾರ್ಗದರ್ಶಕರು ಯಾರು, ಮುಂದೆ ಅಧ್ಯಾಪಕನಾಗುವ ಆಸೆಯಿದ್ದರೆ ಇಲ್ಲಿ ಈ ಪದವಿ ನಡೆಯುತ್ತದೆಯೆ ಎಂಬುದನ್ನೆಲ್ಲ ಹಣ ಕಟ್ಟುವ ಮೊದಲೇ ವಿಚಾರಿಸತಕ್ಕದ್ದು. ಬರಿಯ ಫಲಕಕ್ಕಾಗಿ ಓದುವವರಿಗೆ ಈ ದಾರಿ ತುಂಬ ದುಬಾರಿ.

ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಒಮ್ಮೆ ನಿಂತು, ‘ನಾನು ಹೀಗೇಕೆ ಮಾಡುತ್ತಿದ್ದೇನೆ?’ ಎಂದು ಕೇಳಿಕೊಳ್ಳುವ ಹಂಬಲ ಯಾರಿಗಿದೆಯೋ, ಅವರು ಓದಲಿ. ಆದರೆ ಅರ್ಜಿ ತುಂಬುವ ಮುನ್ನ, ಮುಂದಿನ ಕೆಲವು ವರ್ಷಗಳ ಭಾನುವಾರಗಳು ಯಾರವೆಂಬ ಮಾತನ್ನು ಊಟದ ಹೊತ್ತಿಗೆ, ಎಲ್ಲರೂ ಕುಳಿತಿರುವಾಗ, ಬಾಯಿಬಿಟ್ಟು ಆಡಲಿ. ಅಲ್ಲಿ ಸಿಕ್ಕ ಒಪ್ಪಿಗೆ ಅರೆಮನಸ್ಸಿನದಾದರೆ ಒಂದು ವರ್ಷ ಕಾಯುವುದು ಲೇಸು. ಪ್ರಶ್ನೆ ನಿಜವಾದುದಾದರೆ ಅಷ್ಟರಲ್ಲಿ ಅದು ಎಲ್ಲಿಯೂ ಓಡಿಹೋಗುವುದಿಲ್ಲ.