ಎಂಜಿನ್ನಿಗೆ ತೂಕ ಹೇರೂಕಿಂತ ಮೊದಲ ಡಬ್ಬಿ ನೋಡ್ರಿ

ಅಡಿಗಿ, ಹಪ್ಪಳ, ಸಂಡಿಗಿ ಬಿಟ್ಟು ಈಕಿ ರೈಲಿಗೆ ಯಾಕ ಹೋದ್ಲು ಅಂತ ನಗಬ್ಯಾಡ್ರಿ. ಮೂರು ತಿಂಗಳು ಮಗಳ ಮನ್ಯಾಗ, ಜರ್ಮನಿಯ ನ್ಯೂರೆಂಬರ್ಗ್‌ದಾಗ ಇದ್ದೆ. ಆಟಗಿ ಸಾಮಾನಿಗೆ ಹೆಸರಾದ ಊರು ಅದು. ಅಳಿಯಂದ್ರು ಹಿತ್ತಲದಾಗ ಮೊಮ್ಮಗಳ ಸಲುವಾಗಿ ರೈಲು ಹಾಕ್ಯಾರ. ಟೇಬಲ್ ಮ್ಯಾಲೆ ಓಡೂ ಸಣ್ಣ ರೈಲಲ್ಲ. ಎಂಜಿನ್ನು, ಅದರ ಹಿಂದಿನ ಕಲ್ಲಿದ್ದಲ ಟೆಂಡರ್ ಕೂಡಿದ್ರ ಎರಡು ಅಡಿ ಉದ್ದ. ಹಳಿಗಳ ನಡುವ 45 ಮಿಲಿಮೀಟರ್. ನಮ್ಮ ಹಳೇ ಮೀಟರ್ ಗೇಜನ್ನ 22.5 ಪಾಲು ಸಣ್ಣದು ಮಾಡಿದ್ರ ಹೆಚ್ಚುಕಡಿಮಿ ಇಷ್ಟ ಬರ್ತದ. ಇದೇ ಊರಿನ ಲೇಮನ್ ಕಂಪನಿ 1968ರಾಗ ಈ ಅಳತಿ ರೈಲು ಬಜಾರಿಗೆ ತಂದಿತ್ತಂತ. ನಮ್ಮ ಎಂಜಿನ್ ಅವರದಲ್ಲ, ಬ್ಯಾರೆ ಯಾರದೋ, ಸೆಕೆಂಡ್ ಹ್ಯಾಂಡ್ ತಂದದ್ದು. ನೋಡೂಕ ಉಗಿ ಎಂಜಿನ್, ಹೊಟ್ಟಿಯೊಳಗ ಕರೆಂಟಿನ ಮೋಟರು. ಮುಂದ ಎರಡು ಸಣ್ಣ ಗಾಲಿ, ನಡುವ ಆರು ದೊಡ್ಡ ಗಾಲಿ.

ಸೇಬಿನ ಗಿಡದ ಕಡೆ ಒಂದು ಏರು ಅದ. ಒಂದು ಮೀಟರಿಗೆ ನಾಲ್ಕು ಸೆಂಟಿಮೀಟರ್ ಏರ್ತದ. ನಾಲ್ಕು ಡಬ್ಬಿ ಇದ್ದಾಗ ಹತ್ತತಿತ್ತು, ಆರು ಹಾಕಿದ್ರ ನಡುವ ನಿಂತು ಗಾಲಿ ಗರಗರ ಅಂತ ನಿಂತಲ್ಲೇ ತಿರಗತಿದ್ವು. ಎಂಟು ವರ್ಷದ ಮೊಮ್ಮಗಳು ಹಿಂದಿನ ಡಬ್ಬಿಗೆ ಬೊಟ್ಟು ಹಚ್ಚಿ ನೂಕಿಕೋತ ಹೋಗ್ತಿದ್ದಳು. ಶನಿವಾರ ಆಕಿ ಹುಟ್ಟಿದ ಹಬ್ಬ. ಸಾಲಿ ಗೆಳತ್ಯಾರೆಲ್ಲಾ ಬರೂವರು. ಬೊಟ್ಟು ಹಚ್ಚದ ಆರು ಡಬ್ಬಿ ಏರಬೇಕು ಅಂತ ಆಕಿ ಹಟ.

ಮನಿ ಗಂಡಸರು ಇಬ್ಬರೂ ಒಂದೇ ಮಾತು ಹೇಳಿದ್ರು: ಎಂಜಿನ್ ಹಗರ ಆಗೇದ, ತೂಕ ಹಾಕೂಣು.

ತೂಕ ಹಾಕಿದ್ರ ಎಳಿಯೂ ಶಕ್ತಿ ಹೆಚ್ಚಾಗ್ತದ, ಅದನ್ನ ನಾನೂ ಒಪ್ತೀನಿ. ಗಾಲಿ ಹಳಿಯನ್ನ ಒತ್ತಿದಷ್ಟು ಹಿಡಿತ. ಆದ್ರ ನಮ್ಮನಿಯವ್ರು ಮೊದಲ ಒಂದು ಕಿಲೋ ಸೀಸಾನ ಟೆಂಡರಿನ್ಯಾಗ ತುಂಬಿದ್ರು. ಯಾಕಂದ್ರ ಅಲ್ಲೆ ಜಾಗ ಇತ್ತು! ಟೆಂಡರಿನ ಗಾಲಿಗೆ ಮೋಟರಿಲ್ಲ, ಅದು ತಾನೇ ಎಳಸ್ಕೊಳ್ಳೂ ಡಬ್ಬಿ. ಹಿಡಿತ ಒಂದು ಗುಂಜಿ ಹೆಚ್ಚಾಗಲಿಲ್ಲ, ಹೊರಿ ಮಾತ್ರ ಒಂದು ಕಿಲೋ ಹೆಚ್ಚಾತು. ನಾಲ್ಕು ಡಬ್ಬಿನೂ ಏರಲಿಲ್ಲ.

ಆಮ್ಯಾಲೆ ಬಾಯ್ಲರಿನೊಳಗ ಒಂದೂವರಿ ಕಿಲೋ ಹಾಕಿದ್ರು. ಆರು ಡಬ್ಬಿ ಸರ್ರಂತ ಏರಿದ್ವು. ಎರಡು ದಿನ ಮಾವಾ ಅಳಿಯಾ ಮೀಸಿ ತಿರುವಿದ್ದೇ ತಿರುವಿದ್ದು. ಮೂರನೇ ದಿನ ಗುಂಡಗಲ್ಲೊಂದು ಹಳಿ ನಡುವ ಸಿಕ್ಕು ಒಂದು ಡಬ್ಬಿ ಅಲ್ಲೇ ನಿಂತ್ತು. ಮೊದಲಿನಂಗ ಇದ್ದಿದ್ರ ಗಾಲಿ ಜಾರಿ ನಿಂತಲ್ಲೇ ತಿರಗತಿದ್ವು, ಅಷ್ಟ. ಈಗ ಮೈಮ್ಯಾಲೆ ಅಷ್ಟು ತೂಕ, ಗಾಲಿ ಜಾರಾಕೂ ಬರವೊಲ್ಲದು. ಮೋಟರು ಗುಂಯ್ ಅಂತು, ಕಟ್ ಅಂತ ಸಪ್ಪಳಾತು, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರದ್ವು. ಗೇರು ಪೋಸ್ಟಿನ್ಯಾಗ ಬರಾಕ ಮೂರು ವಾರ ಹಿಡೀತು. ಹುಟ್ಟಿದ ಹಬ್ಬದ ದಿನ ಹುಡುಗಿ ನಿಂತ ಎಂಜಿನ್ನಿಗೆ ಬಲೂನು ಕಟ್ಟಿದ್ದಳು. ನಮ್ಮನಿಯವ್ರಿಗೆ ಅವತ್ತು ಕೇಕು ಗಂಟಲಾಗ ಇಳೀಲಿಲ್ಲ.

ಅದಕ್ಕ ನಾ ಹೇಳೂದು, ಗಾಲಿ ಜಾರೂದು ಎಂಜಿನ್ನಿನ ತಪ್ಪಲ್ಲ. ‘ಇಷ್ಟ ನನ್ನ ಕಡಿಂದ ಆಗೂದು’ ಅಂತ ಅದು ಹೇಳಾಕತ್ತಿರ್ತದ. ಆ ಬಾಯಿ ಮುಚ್ಚಿಸಿದ್ರ ಮುಂದಿನ ಪೆಟ್ಟು ಮೋಟರಿಗೆ, ಗೇರಿಗೆ. ಮೊದಲ ಹೊರಿ ಹಗರ ಮಾಡ್ರಿ, ದಾರಿ ಸ್ವಚ್ಛ ಮಾಡ್ರಿ, ಆಮ್ಯಾಲೆ ತೂಕದ ಮಾತು.

ಗೇರು ಬರೂತನಾ ಕೈ ಕಟಿಗೊಂಡು ಕೂಡೂ ಜೀವ ನಂದಲ್ಲ. ಒಂದು ಮೀಟರ್ ಹಲಗಿ ಮ್ಯಾಲೆ ಹಳಿ ತುಂಡು ಇಟ್ಟು, ಅದರ ಮ್ಯಾಲೆ ಒಂದೊಂದೇ ಡಬ್ಬಿ ನಿಲ್ಲಿಸಿ, ಹಲಗಿ ಒಂದು ತುದಿಗೆ ಪುಸ್ತಕ ಕೊಟ್ಟುಕೋತ ಏರಿಸಿದೆ. ಡಬ್ಬಿ ತಾನಾಗಿ ಉರುಳಬೇಕಾದ್ರ ತುದಿ ಎಷ್ಟು ಸೆಂಟಿಮೀಟರ್ ಏರಿರಬೇಕು, ಹೆಚ್ಚುಕಡಿಮಿ ಅಷ್ಟು ಪರ್ಸೆಂಟ್ ಅದರ ತಿಕ್ಕಾಟ. ಐದು ಡಬ್ಬಿ ಮೂರು ಸೆಂಟಿಮೀಟರಿನ ಹತ್ರ ಉರುಳಿದ್ವು. ಒಂದು ಮಾತ್ರ ಆರಕ್ಕೂ ಹಂದಲಿಲ್ಲ. ಬೋರಲಾ ಹಾಕಿ ನೋಡಿದ್ರ ಅಚ್ಚಿಗೆ ಕೂದಲು ಸುತ್ತಿದ್ವು! ನನ್ನವ ಇರಬೇಕು, ಮಗಳವ ಇರಬೇಕು. ಹೊಲಿಗಿ ಮಷಿನ್ ಇಟ್ಟ ಯಾ ಹೆಣ್ಣುಮಗಳಿಗೂ ಇದು ಹೊಸಾದಲ್ಲ. ಸೂಜಿಲೆ ಬಿಡಿಸಿ ತಗದೆ. ಅಷ್ಟಕ್ಕ ಅದೂ ಮೂರಕ್ಕ ಬಂತು.

ಇನ್ನ ಲೆಕ್ಕ. ಎಂಜಿನ್ 2.6 ಕಿಲೋ, ಟೆಂಡರ್ 800 ಗ್ರಾಂ, ಆರು ಡಬ್ಬಿ ಕೂಡಿ 6.6 ಕಿಲೋ. ಒಟ್ಟು ಹತ್ತು ಕಿಲೋ. ನೂರಕ್ಕ ನಾಲ್ಕು ಏರಿನ ಮ್ಯಾಲೆ ಹತ್ತು ಕಿಲೋ ಹತ್ತಬೇಕಂದ್ರ ಬರೇ ಏರಿಗೇ 400 ಗ್ರಾಂ ಜಗ್ಗಬೇಕು. ಟೆಂಡರು, ಡಬ್ಬಿ ಕೂಡಿ 7.4 ಕಿಲೋ ಅಲ್ಲಾ, ಅದರ ಮೂರು ಪರ್ಸೆಂಟ್ ಅಂದ್ರ 220 ಗ್ರಾಂ ತಿಕ್ಕಾಟ. ಎರಡೂ ಕೂಡಿ 620. ಎಂಜಿನ್ ಎಷ್ಟು ಜಗ್ಗತದ? ಹೊಸ ಗೇರು ಬಂದಮ್ಯಾಲೆ, ಸೀಸಾ ಎಲ್ಲಾ ತಗದು, ವಿಮಾನಕ್ಕ ಸೂಟ್‌ಕೇಸ್ ತೂಗೂ ಕೈಕಾಟಾ ಅದರ ಹಿಂದಿನ ಕೊಕ್ಕಿಗೆ ಸಿಗಿಸಿ ನೋಡಿದ್ವಿ. 600 ಗ್ರಾಮಿಗೆ ಗಾಲಿ ಜಾರಿದ್ವು. ಇಪ್ಪತ್ತು ಗ್ರಾಮಿನ ಸಲುವಾಗಿ ಒಂದೂವರಿ ಕಿಲೋ ಸೀಸಾ ಹೇರಿದ್ವಲ್ಲ ಅಂತ ನಗು ಬಂತು.

ಪ್ಲಾಸ್ಟಿಕ್ ಗಾಲಿ ತಗದು, ಬಾಲ್ ಬೇರಿಂಗ್ ಇರೂ ಲೋಹದ ಗಾಲಿ ಹಾಕಿಸಿದ್ವಿ. ಅಗ್ಗ ಅಲ್ಲ, ಅದನ್ನ ಮುಚ್ಚಿಡೂದಿಲ್ಲ. ಆದ್ರ ಹಲಗಿ ಒಂದು ಸೆಂಟಿಮೀಟರ್ ಏರಿದ್ದೇ ತಡ, ಡಬ್ಬಿ ಹೊಂಟ್ವು. 220 ಇದ್ದ ತಿಕ್ಕಾಟ 74ಕ್ಕ ಇಳೀತು.

ಹಳಿ ಹಿತ್ತಾಳಿದು. ನಾ ಮೊದಲ ಹುಣಸಿಹಣ್ಣು ತಗೊಂಡು ಹೊಂಟಿದ್ದೆ, ದೇವರ ಸಾಮಾನಿನ ರೂಢಿ. ಅಳಿಯಂದ್ರು ತಡದ್ರು, ಛಲೋ ಆತು. ಹುಳಿ ಸಂದ್ಯಾಗ ಉಳದ್ರ ಹಸಿರು ಕಿಲುಬು ಬರ್ತದ. ಒಣಾ ತಿಕ್ಕೂ ಪ್ಯಾಡಿನಿಂದ ತಿಕ್ಕಿ, ಅರಿವಿಲೆ ಒರಸಿದ್ರ ಸಾಕು. ಅಲ್ಲೆ ರಾತ್ರಿ ಬಸವನಹುಳ ಹಳಿ ಮ್ಯಾಲೆ ಲೋಳಿ ಬಿಟ್ಟು ಹೋಗ್ತಾವ, ಗಾಲಿ ಜಾರಾಕ ಅದೊಂದ ಸಾಕು. ಅಚ್ಚಿಗೆ ಎಣ್ಣಿ ಬಿಡಬೇಕಾದ್ರೂ ಸೂಜಿ ತುದೀಲೆ ಒಂದು ಹನಿ. ವಗ್ಗರಣಿಗೆ ಹಾಕಿಧಂಗ ಹಾಕಿದ್ರ ಹಳಿಗೇ ಇಳೀತದ.

ಕೆಲವೊಂದು ಎಂಜಿನ್ನಿನ ಗಾಲಿಗೆ ರಬ್ಬರ್ ಬಳಿ ಇರ್ತದ. ಹಿಡಿತ ಛಲೋನ, ಆದ್ರ ಆ ಗಾಲಿ ಹಳಿಯಿಂದ ಕರೆಂಟು ತಗೊಳ್ಳೂದಿಲ್ಲ. ಹಳಿ ಹೊಲಸಾಗಿದ್ರ ತಡವರಿಸಿ ತಡವರಿಸಿ ನಡೀತದ. ನಂಗ ಅದು ಸೇರಲಿಲ್ಲ.

ಇಷ್ಟೆಲ್ಲಾ ಆದಮ್ಯಾಲೆ ತೂಕ ಹಾಕ್ರಿ, ಬ್ಯಾಡ ಅನ್ನೂದಿಲ್ಲ. ನಾವು 300 ಗ್ರಾಂ ಹಾಕಿದ್ವಿ, ದೊಡ್ಡ ಗಾಲಿಗಳ ನಟ್ಟನಡುವ. ಮುಂದಿನ ಸಣ್ಣ ಗಾಲಿಯ ಸ್ಪ್ರಿಂಗು ಭಾಳ ಬಿಗಿ ಇತ್ತು, ಎಂಜಿನ್ನಿನ ಮೂತಿ ಎತ್ತಿ ದೊಡ್ಡ ಗಾಲಿಯ ಭಾರ ಕಸಗೋತಿತ್ತು. ಅದನ್ನ ಸಡ್ಲ ಮಾಡಿದ್ವಿ. ಸೀಸಾ ಮುಟ್ಟಿದ ಕೈ ಸೋಪು ಹಚ್ಚಿ ತೊಳೀಬೇಕು. ಹುಡುಗರು ಇರೂ ಮನ್ಯಾಗ ಅದನ್ನ ಟೇಪು ಸುತ್ತದ ಇಡಬ್ಯಾಡ್ರಿ.

ನಾ ಹುಬ್ಬಳ್ಳಿಯಾಕಿ, ಫೈರ್‌ಮನ್ನರ ಮಗಳು. ಕ್ಯಾಸಲ್‌ರಾಕ್ ಮತ್ತ ಕುಳೆಂ ನಡುವಿನ ಘಟ್ಟ 37ಕ್ಕ 1 ಏರು. ಮೀಟರ್ ಗೇಜ್ ಕಾಲದಾಗ ಅದನ್ನ ಏರಬೇಕಾದ್ರ ಒಂದೇ ಎಂಜಿನ್ನಿನ ಜೀವ ಯಾರೂ ತಗೀತಿರಲಿಲ್ಲ. ಹಿಂದ ಬ್ಯಾಂಕರ್ ಎಂಜಿನ್ ಹಚ್ಚಿ ನೂಕಸ್ತಿದ್ರು. ಮಳಿಗಾಲದಾಗ ಗಾಲಿ ಮುಂದ ಹಳಿಗೆ ಒಣಾ ಉಸುಕು ಬಿಡ್ತಿದ್ರು ಅಂತ ಅಪ್ಪ ಹೇಳ್ತಿದ್ದ. (ಆಟಗಿ ಎಂಜಿನ್ನಿಗೆ ಉಸುಕು ಬಿಡಬ್ಯಾಡ್ರಿ ಮತ್ತ, ಗೇರಿನೊಳಗ ಹೊಕ್ಕಿತಂದ್ರ ಅರದು ಬಿಡ್ತದ.) ಈಗ ಆ ಘಟ್ಟ ಬ್ರಾಡ್ ಗೇಜ್ ಆದ್ರೂ ಬ್ಯಾಂಕರ್ ತಪ್ಪಿಲ್ಲ.

ಈಗ ನಮ್ಮ ಆರು ಡಬ್ಬಿ ಸೇಬಿನ ಗಿಡ ದಾಟಿ ಆರಾಮ ಏರ್ತಾವ. ಬರೂ ವರ್ಷ ಹತ್ತು ಬೇಕಂತ ಆಕಿಗೆ! ನಮ್ಮನಿಯವ್ರು ಫೋನಿನ್ಯಾಗ ಮತ್ತ ಸೀಸಾದ ಮಾತು ತಗದಾರ. ಹತ್ತು ಬೇಕಂದ್ರ ಇನ್ನೊಂದು ಎಂಜಿನ್ ತಗೊಳ್ರಿ ಅಂದೀನಿ. ತಂದಕೂಡಲೆ ಜೋಡಿಸಬ್ಯಾಡ್ರಿ, ಎರಡನ್ನೂ ಬಿಡಿಬಿಡಿಯಾಗಿ ಒಂದೇ ಹಳಿ ಮ್ಯಾಲೆ ಓಡಸ್ರಿ, ಒಂದು ಇನ್ನೊಂದನ್ನ ಬೆನ್ನಹತ್ತಿ ಹಿಡೀತಂದ್ರ ಆ ಜೋಡಿ ಬ್ಯಾಡ ಅಂತನೂ ಅಂದೀನಿ. ಒಂದರ ಓಟ ಹೆಚ್ಚಿದ್ರ ಇನ್ನೊಂದು ಅದಕ್ಕ ಹೊರಿಯಾಗ್ತದ. ಅಲ್ಲೀತನಾ ಏಳನೇ ಡಬ್ಬಿಗೆ ಮೊಮ್ಮಗಳ ಬೊಟ್ಟ ಬ್ಯಾಂಕರು.